ಬಿದ್ದವನ ಜೇನು

ಈ ಕಥೆಯಲ್ಲಿ ಗುರುಗಳಿಗೆ ಕೋಪವೇ ಬರಲಿಲ್ಲ ಎಂದು ಹೇಳುವವರಿದ್ದಾರೆ. ಗುರುಗಳು ಮುಗುಳ್ನಕ್ಕರು, ಶಿಷ್ಯ ತಲೆಬಾಗಿದ, ಎಲ್ಲರಿಗೂ ಒಳ್ಳೆಯದಾಯಿತು ಎನ್ನುತ್ತಾರೆ.

ಸುಳ್ಳು. ಗುರುಗಳಿಗೆ ಕೋಪ ಬಂದಿತ್ತು. ಚೆನ್ನಾಗಿಯೇ ಬಂದಿತ್ತು. ಅದನ್ನು ತೆಗೆದುಹಾಕಿ ಈ ಕಥೆಯನ್ನು ಹೇಳುವುದು ಉಪ್ಪು ತೆಗೆದು ಉಪ್ಪಿನಕಾಯಿ ಬಡಿಸಿದ ಹಾಗೆ. ನಾನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ನದಿಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ನಾಗಬೋಧರೆಂಬ ಗುರುಗಳು ಓದನ್ನೂ ಔಷಧವನ್ನೂ ಒಟ್ಟಿಗೆ ಕಲಿಸುತ್ತಿದ್ದರು.

ಆಶ್ರಮದ ಮಧ್ವಾಸವಕ್ಕೆ ಅರಮನೆಯವರೆಗೂ ಹೆಸರಿತ್ತು. ಜೇನಿಗೆ ನೀರು ಬೆರೆಸಿ, ಧಾತಕಿ ಹೂ ಹಾಕಿ, ಗುಡಾಣದ ಬಾಯಿಗೆ ಮಣ್ಣು ಮೆತ್ತಿ, ಭತ್ತದ ರಾಶಿಯಲ್ಲಿ ಹೂತಿಟ್ಟು ಹುಳಿಯೇರಿಸುವ ಔಷಧ ಅದು. ಅದನ್ನು ನೋಡಿಕೊಳ್ಳುತ್ತಿದ್ದವನು ಹಿರಿಯ ಶಿಷ್ಯ ಸುಕೇತ. ಗಡ್ಡ ಬಲಿತವನು, ಶಾಸ್ತ್ರ ಬಲ್ಲವನು, ಮಡಿಯಲ್ಲಿ ಕಟ್ಟುನಿಟ್ಟು.

ಒಂದು ಬೆಳಿಗ್ಗೆ ಸುಕೇತ ಸ್ನಾನ ಮುಗಿಸಿ ಬರುವಾಗ ಹೊಂಗೆ ಮರದಡಿ ಒಬ್ಬ ಮುದುಕಿ ಕೂತಿದ್ದಳು. ಗುಡ್ಡದ ಹೆಂಗಸು. ಹಳೆಯ ಸೀರೆಯ ತುಂಡು ಸುತ್ತಿದ ಮಡಕೆಯೊಂದನ್ನು ಹೊಟ್ಟೆಗೆ ಒತ್ತಿಕೊಂಡಿದ್ದಳು.

ಗಾಳಿ ಇತ್ತ ಬೀಸಿತು. ಹುಳಿ ವಾಸನೆ.

"ಏನಿದೆ ಅದರಲ್ಲಿ?" ಎಂದ ಸುಕೇತ.

"ಜೇನು ಬುದ್ಧಿ."

"ಜೇನು ಹುಳಿ ನಾರುತ್ತದೆಯೇ?"

"ಜೇನುಗಳ್ಳು ಬುದ್ಧಿ. ಇನ್ನೂ ಪೂರಾ ಆಗಿಲ್ಲ. ಹೊಳೆ ದಾಟಿ ಆಚೆ ನಮ್ಮೋರ ಹಾಡಿಗೆ ಹೋಗ್ಬೇಕು. ಕಾಲು ಸೋತೋಯ್ತು, ವಸಿ ಕೂತ್ಕಂಡೆ."

"ಗುಡ್ಡದವರು ಕಳ್ಳು ಹುಳಿಯೇರಿಸಬಾರದು ಎಂದು ಅರಮನೆಯ ಕಟ್ಟಳೆ ಇದೆ. ಗೊತ್ತಿಲ್ಲವೇ?"

"ಇದು ಮಾರಾಕಲ್ಲ ಬುದ್ಧಿ."

"ಮತ್ತೆ ಯಾರದು?"

ಮುದುಕಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು.

"ಯಾರದು? ಹೆಸರು ಹೇಳು."

"ಹೆಸರ ಯೋಳಂಗಿಲ್ಲ."

"ಹೇಳುವ ಹಾಗಿಲ್ಲವೋ, ಹೇಳಲು ಹೆದರಿಕೆಯೋ?"

"ಯೋಳಂಗಿಲ್ಲ ಬುದ್ಧಿ. ಇನ್ನೂ ಕುಡ್ದಿಲ್ಲ."

ಬುದ್ಧಿ ಇದ್ದವನಾದರೆ ಇಲ್ಲಿ ಇನ್ನೊಂದು ಮಾತು ಕೇಳುತ್ತಿದ್ದ. 'ಅದೇಕೆ ತಾಯಿ' ಎಂದರೆ ಸಾಕಿತ್ತು. ಆದರೆ ಸುಕೇತನ ಬಳಿ ಉತ್ತರ ಆಗಲೇ ಸಿದ್ಧವಾಗಿತ್ತು. ಯಾರೋ ಕದ್ದು ಹುಳಿಯೇರಿಸಿದ್ದಾನೆ, ಮುದುಕಿಯ ಕೈಲಿ ಸಾಗಿಸುತ್ತಿದ್ದಾನೆ, ಇವಳು ಅವನನ್ನು ಬಚ್ಚಿಡುತ್ತಿದ್ದಾಳೆ.

"ತಪ್ಪಿಲ್ಲದವರು ಹೆಸರು ಹೇಳಲು ಅಂಜುವುದಿಲ್ಲ" ಎಂದು ಮಡಕೆಯನ್ನು ಕಿತ್ತುಕೊಂಡ.

"ಬ್ಯಾಡ ಬುದ್ಧಿ! ನಿಮ್ ಕಾಲಿಗೆ ಬೀಳ್ತೀನಿ!"

ಸುಕೇತ ಮಡಕೆಯನ್ನು ನೆಲಕ್ಕಿಟ್ಟ. ಕೈಯಲ್ಲಿದ್ದ ಕೋಲು ಎತ್ತಿದ. ಹೊಡೆದ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ನಿಮಿಷವೂ ಬೇಕಾಗಲಿಲ್ಲ.

ಮುದುಕಿ ಕಿರುಚಲಿಲ್ಲ. ಬಡವನ ಕೋಪ ದವಡೆಗೆ ಮೂಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನೆಲಕ್ಕೆ ಬಿದ್ದು, ಒದ್ದೆಯಾದ ಮಣ್ಣನ್ನು ಎರಡೂ ಕೈಯಿಂದ ಬಾಚಿ ಬಾಚಿ ಸೆರಗಿಗೆ ತುಂಬಿಕೊಳ್ಳತೊಡಗಿದಳು.

ಸುಕೇತ ಅವಳ ಎದುರು ನಿಂತು ಮದ್ಯಪಾನದ ದೋಷಗಳನ್ನು ಶ್ಲೋಕ ಸಮೇತ ಹೇಳುತ್ತಿದ್ದ.

ಆಗ ಗುರುಗಳು ಹೊಳೆಯಿಂದ ಬಂದರು.

"ಬೇದಮ್ಮ?" ಎಂದರು. "ಏನಾಯಿತು ತಾಯಿ?"

ಗುರುಗಳಿಗೆ ಈ ಮುದುಕಿಯ ಹೆಸರು ಗೊತ್ತಿದೆ ಎಂಬುದು ಸುಕೇತನಿಗೆ ಅಂದೇ ತಿಳಿದದ್ದು.

ಬೇದಮ್ಮ ತಲೆ ಎತ್ತಲಿಲ್ಲ. "ಬಂಡೆಯಿಂದ ಬಿದ್ದೋದ ಬುದ್ಧಿ."

"ಯಾರು? ನಿನ್ನ..." ಗುರುಗಳು ಹೆಸರನ್ನು ನಾಲಗೆಯ ಮೇಲೆಯೇ ತಡೆದರು.

"ಊಂ. ಅವನೇಯ. ಹೊಟ್ಟೇಲಿ ಹುಟ್ಟಿದ್ದು ಅವನೊಬ್ಬನೇಯ."

ಗುರುಗಳು ಅಲ್ಲೇ, ಮಣ್ಣಿನಲ್ಲಿ, ಅವಳ ಪಕ್ಕದಲ್ಲಿ ಕುಳಿತರು.

"ಇದು ಅವನು ಕೊನೆಗೆ ಇಳಿಸಿದ ಜೇನೇ?"

"ಊಂ."

ಸುಕೇತನಿಗೆ ಅರ್ಥವಾಗಲಿಲ್ಲ. ಗುರುಗಳು ಅವನ ಕಡೆ ನೋಡಲೂ ಇಲ್ಲ. "ಇವನಿಗೆ ಹೇಳು ತಾಯಿ. ಒಡೆದದ್ದು ಏನು ಎಂದು ತಿಳಿದುಕೊಳ್ಳಲಿ."

ಬೇದಮ್ಮ ಮಣ್ಣು ಬಾಚುತ್ತಲೇ ಹೇಳಿದಳು.

"ಜೇನಿಳ್ಸಕ್ ಹೋಗಿ ಬಿದ್ದೋನ ಜೇನ ಮಾರಂಗಿಲ್ಲ, ತಿನ್ನಂಗಿಲ್ಲ. ನೀರು ಬೆರ್ಸಿ, ಹಡ್ದೋಳು ಹೊಟ್ಟೆ ಕಾವಲ್ಲಿ ಇಟ್ಕಂಡು ಹುಳಿ ಬರುಸ್ಬೇಕು. ಅಪ್ಪನ ಹಾಡಿ, ಅವ್ವನ ಹಾಡಿ, ಎರಡೂ ಸೇರಿ ಕುಡೀಬೇಕು. ಕುಡುದ್ ಮ್ಯಾಕೆ ಅವನ ಹೆಸರ ಕೂಗ್ಬೌದು. ಅಲ್ಲೀಗಂಟ ಯಾರೂ ಕೂಗಂಗಿಲ್ಲ."

"ಕುಡಿಯದೇ ಹೋದರೆ?" ಎಂದ ಸುಕೇತ. ಅವನ ದನಿ ಆಗಲೇ ಇಳಿದಿತ್ತು.

"ಹೆಸರು ಹೋಯ್ತದ. ನಾನೂ ಕೂಗಂಗಿಲ್ಲ. ಅವ ಹುಟ್ಟೇ ಇಲ್ಲ ಅನ್ನಂಗೆ."

"ಬೇರೆ ಜೇನು ತಂದು..."

"ಬ್ಯಾರೆ ಜೇನಿಗೆ ಅವ ಹತ್ತಿದ್ನಾ?"



ಗುರುಗಳು ಎದ್ದರು. ಬೇದಮ್ಮನಿಗೆ ನೆರಳಿನಲ್ಲಿ ಚಾಪೆ ಹಾಸಿ, ಗಂಜಿ ತಂದುಕೊಟ್ಟರು. "ನಾನು ಬರುವವರೆಗೆ ಹೋಗಬೇಡ ತಾಯಿ" ಎಂದರು. ಆಮೇಲೆ ಸುಕೇತನ ರಟ್ಟೆ ಹಿಡಿದು ಆಸವದ ಕೋಣೆಗೆ ಎಳೆದುಕೊಂಡು ಹೋದರು. ಹೌದು, ಎಳೆದುಕೊಂಡೇ. ಬೆರಳಿನ ಗುರುತು ಮೂಡಿತ್ತಂತೆ.

ಕೋಣೆಯಲ್ಲಿ ಭತ್ತದ ರಾಶಿಯ ನಡುವೆ ಒಂದೇ ಒಂದು ಗುಡಾಣ. ಆ ಸಲದ ಆಸವ ಅಷ್ಟೇ.

"ದೀಪ ಹಚ್ಚು. ಗುಡಾಣದ ಬಾಯಿ ಬಿಚ್ಚು. ಪರೀಕ್ಷೆ ಮಾಡು."

ಸುಕೇತ ಬತ್ತಿ ಹಚ್ಚಿ ಗುಡಾಣದ ಬಾಯೊಳಗೆ ಹಿಡಿದ. ಒಳಗೆ ಇನ್ನೂ ಹುಳಿಯೇರುತ್ತಿದ್ದರೆ ದೀಪ ಆರುತ್ತದೆ, ಪಕ್ವವಾಗಿದ್ದರೆ ಉರಿಯುತ್ತದೆ. ದೀಪ ಉರಿಯಿತು.

"ಪಕ್ವವಾಗಿದೆ ಗುರುಗಳೇ."

"ಕುಡಿದರೆ ಏನಾಗುತ್ತದೆ?"

"ಅಗ್ನಿ ದೀಪನವಾಗುತ್ತದೆ. ಕಫ ಕರಗುತ್ತದೆ."

"ಹೆಚ್ಚು ಕುಡಿದರೆ?"

ಸುಕೇತ ಬತ್ತಿಯನ್ನು ಗುಡಾಣದಿಂದ ಹೊರಗೆಳೆದ.

"ಹೇಳಪ್ಪಾ. ಚೊಂಬುಗಟ್ಟಲೆ ಕುಡಿದರೆ?"

"ಅಮಲು ಬರುತ್ತದೆ."

"ಹಾಗಾದರೆ ನಿನ್ನ ಕೋಲು ಇದರ ಮೇಲೆ ಯಾಕೆ ಬೀಳಲಿಲ್ಲ?"

"ಇದು ಔಷಧ ಗುರುಗಳೇ. ಅದು ಕಳ್ಳು."

"ಅದಕ್ಕೂ ಜೇನು, ಇದಕ್ಕೂ ಜೇನು. ಅದಕ್ಕೂ ನೀರು, ಇದಕ್ಕೂ ನೀರು. ಅದನ್ನು ತಾಯಿಯ ಹೊಟ್ಟೆಯ ಕಾವಿನಲ್ಲಿ ಇಟ್ಟಿದ್ದರು, ನೀನು ಭತ್ತದ ಕಾವಿನಲ್ಲಿ ಇಟ್ಟೆ. ಯಾವುದು ಹೆಚ್ಚು ಮಡಿ?"

ಸುಕೇತನಿಗೂ ರೇಗಿತು. ರೇಗುವುದಕ್ಕೆ ಅವನಿಗೂ ಕಾರಣವಿತ್ತು.

"ಗುರುಗಳೇ, ಕುಡಿತ ಏನು ಮಾಡುತ್ತದೆ ಎಂದು ನಾನು ಪುಸ್ತಕದಲ್ಲಿ ಓದಿದವನಲ್ಲ. ನನ್ನ ಅಕ್ಕನ ಗಂಡ ಕುಡಿದು ಬಂದು ಅವಳ ಕೈ ಮುರಿದ. ಆ ಕೈಯಲ್ಲಿ ಅವಳು ಇವತ್ತಿಗೂ ಬಿಂದಿಗೆ ಎತ್ತಲಾರಳು. ನನಗೆ ಕೋಪ ಬರಬಾರದೇ?"

ಗುರುಗಳ ದನಿ ತುಸು ತಗ್ಗಿತು. "ಬರಬೇಕು. ಬರದಿದ್ದರೆ ನೀನು ತಮ್ಮನೇ ಅಲ್ಲ. ಅವನು ಕುಡಿದದ್ದು ಏನು?"

"ಬೆಲ್ಲದ ಸಾರಾಯಿ."

"ಎಲ್ಲಿಯದು?"

"ಪೇಟೆಯ ಅಂಗಡಿಯದು."

"ಅಂಗಡಿ ಯಾರ ಅಪ್ಪಣೆಯಿಂದ ನಡೆಯುತ್ತದೆ?"

ಸುಕೇತ ತಡವರಿಸಿದ. "ಅರಮನೆಯ ಅಪ್ಪಣೆಯಿಂದ."

"ಅರಮನೆಯ ಅಂಗಡಿ ನಿನ್ನ ಅಕ್ಕನ ಕೈ ಮುರಿಯಿತು. ನೀನು ಬಂದು ಬೇದಮ್ಮನ ಮಡಕೆ ಒಡೆದೆ."

ಸುಕೇತ ಬತ್ತಿಯನ್ನು ಕೆಳಗಿಟ್ಟ.

"ಕೂತುಕೋ" ಎಂದರು ಗುರುಗಳು. "ಶಾಸ್ತ್ರ ಓದಿದ್ದೀಯಲ್ಲ. ಜೇನಿನ ಪಾನವನ್ನು ಮೊದಲು ಕುಡಿದವರು ಯಾರು?"

"ದೇವತೆಗಳು."

"ಅವರಿಗೆ ಕೊಟ್ಟವರು?"

"ಋಷಿಗಳು."

"ಋಷಿಗಳಿಗೆ ಯಾರು ಕೊಟ್ಟರು? ಗಡ್ಡ ಕಟ್ಟಿಕೊಂಡು ಅವರೇ ಬಂಡೆಗೆ ಹಗ್ಗ ಇಳಿಬಿಟ್ಟು ಇಳಿಯುತ್ತಿದ್ದರೋ?"

"ಅದು... ಶಾಸ್ತ್ರದಲ್ಲಿ ಬಂದಿಲ್ಲ."

"ಬಂದಿಲ್ಲ. ಬರೆದವರು ಕುಡಿದವರು. ಇಳಿಸಿದವರಲ್ಲ. ಮೊದಲು ಕುಡಿದದ್ದು ಕರಡಿ."

"ಕರಡಿಯೇ?"

"ಕರಡಿ. ಮರದ ಪೊಟರೆಯಲ್ಲಿ ಜೇನು ಕಟ್ಟಿತ್ತು. ಮಳೆಯ ನೀರು ಒಳಗಿಳಿಯಿತು. ಜೇನು ಗಟ್ಟಿಯಾಗಿರುವಷ್ಟು ಕಾಲ ಕೆಡುವುದಿಲ್ಲ, ನೀರು ಸೇರಿತೋ ಉಕ್ಕತೊಡಗುತ್ತದೆ. ಕರಡಿ ಬಂದು ನೆಕ್ಕಿತು, ನೆಕ್ಕಿ ಓಲಾಡಿತು. ಅದನ್ನು ಗುಡ್ಡದವನೊಬ್ಬ ನೋಡಿದ. ಕರಡಿ ಹೋದ ಮೇಲೆ ಬೆರಳು ಅದ್ದಿ ನೆಕ್ಕಿದ. ಜೇನಿನ ಪಾನದ ಇತಿಹಾಸ ಅಲ್ಲಿಂದ ಶುರು."

"ಇದು ಯಾವ ಗ್ರಂಥದಲ್ಲಿದೆ?"

"ಬೇದಮ್ಮನ ಅತ್ತೆ ನನಗೆ ಹೇಳಿದ್ದು. ನಿನಗೆ ತಾಳೆಗರಿಯಲ್ಲೇ ಬೇಕೇ?"

ಸುಕೇತ ಇಲ್ಲವೆಂದು ತಲೆಯಾಡಿಸಿದ.

"ಅವನು ಒಬ್ಬನೇ ಕುಡಿಯಲಿಲ್ಲ. ಮನೆಗೆ ತಂದ. ಮಗು ಹುಟ್ಟಿದರೆ ಒಂದು ತೊಟ್ಟು, ಮದುವೆಗೆ ಒಂದು ಮಡಕೆ, ಸತ್ತರೆ ಇಡೀ ಹಾಡಿ ಸೇರಿ. ಅಂಗಡಿ ಇಡಲಿಲ್ಲ. ಒಬ್ಬನೇ ಮೂಲೆಯಲ್ಲಿ ಕೂತು ಕುಡಿಯುವುದು ಅಲ್ಲಿ ನಾಚಿಕೆಯ ವಿಷಯ. ಬಯಲಿನಿಂದ ನಮ್ಮಂಥವರು ಹೋದೆವು. ಅತಿಥಿಗಳು ಎಂದು ನಮಗೂ ಕೊಟ್ಟರು. ನಾವು ಕುಡಿದೆವು, ಹಾಡಿದೆವು. ಎಂಥ ಹಾಡುಗಳು! ಗಾಳಿ ಮಧುವಾಗಲಿ, ಹೊಳೆ ಮಧುವಾಗಲಿ, ಹಸು ಮಧುವಾಗಲಿ. ಇವತ್ತಿಗೂ ನಾವು ಬೆಳಿಗ್ಗೆ ಅದನ್ನೇ ಹಾಡುತ್ತೇವೆ. ಕೊಟ್ಟವರ ಹೆಸರು ಒಂದು ಹಾಡಿನಲ್ಲೂ ಇಲ್ಲ."

"ಆಮೇಲೆ?"

"ಆಮೇಲೆ ಬಯಲಿನಲ್ಲಿ ಕಬ್ಬು ಬಂತು. ಬೆಲ್ಲ ಅಗ್ಗವಾಯಿತು, ಬೆಲ್ಲದ ಹೆಂಡ ಅಗ್ಗವಾಯಿತು. ಬಡವನಿಗೆ ಬೆಲ್ಲದ್ದು, ದೊರೆಗೆ ಜೇನಿನದ್ದು. ದೊರೆಯ ಮನೆಗೆ ಹೋದ ಮೇಲೆ ಅದಕ್ಕೆ ಮೆಣಸು ಬಿತ್ತು, ಏಲಕ್ಕಿ ಬಿತ್ತು, ಬೆಳ್ಳಿಯ ಬಟ್ಟಲು ಬಂತು. ದೊರೆ ಮುದುಕನಾದ. ಅಜೀರ್ಣವಾಯಿತು. ನಮ್ಮಂಥವರು ಧಾತಕಿ ಹೂ ಹಾಕಿ ಔಷಧ ಎಂದೆವು. ಅಷ್ಟರಲ್ಲಿ ಗುಡ್ಡದ ಜೇನು ಸಾಲದೆ ಬಂತು. ಸಾಲದೇ ಹೋದಾಗ ದೊರೆ ಏನು ಮಾಡಿದ?"

ಸುಕೇತ ಮೆಲ್ಲಗೆ ಹೇಳಿದ. "ಗುಡ್ಡದವರು ಹುಳಿಯೇರಿಸಬಾರದು ಎಂದು ಕಟ್ಟಳೆ ಹಾಕಿದ."

"ಅದಕ್ಕೆ ಕಾರಣ ಏನೆಂದು ಬರೆಸಿದ?"

"ಗುಡ್ಡದವರ ಹಿತಕ್ಕಾಗಿ ಎಂದು."

ಗುರುಗಳು ನಕ್ಕರು. ಒಳ್ಳೆಯ ನಗು ಅಲ್ಲ ಅದು.

"ಈ ಗುಡಾಣದ ಜೇನು ತಂದುಕೊಟ್ಟವರು ಯಾರು?"

ಸುಕೇತ ನೆನಪಿಸಿಕೊಂಡ. ಒಬ್ಬ ತೆಳ್ಳನೆಯ ಹುಡುಗಾಟಿಕೆಯ ಗಂಡಸು, ಮೈಯೆಲ್ಲ ಹೊಗೆಯ ವಾಸನೆ. ಸುಕೇತ ಅವನನ್ನು ಪ್ರತಿ ಸಲವೂ ಬಾಗಿಲ ಹೊರಗೆ ನಿಲ್ಲಿಸಿ, ದೂರದಿಂದಲೇ ಪಾತ್ರೆಗೆ ಹುಯ್ಯಿಸಿಕೊಳ್ಳುತ್ತಿದ್ದ. ಒಂದು ಸಲ ಆ ಮನುಷ್ಯ ಕೇಳಿದ್ದ. "ಬುದ್ಧಿ, ಗುಡಾಣಕ್ಕೆ ಒಂದ್ಸಲ ಕಿವಿ ಇಟ್ಟು ಕೇಳ್ಲಾ? ನಮ್ಮವ್ವನ ಮಡಕೆ ಒಳಗೇ ಗುನುಗ್ತದ. ನಿಮ್ಮದೂ ಹಂಗೇ ಗುನುಗ್ತದಾ ನೋಡ್ಬೇಕು." ಸುಕೇತ ಅವನನ್ನು ಗದರಿ ಕಳಿಸಿದ್ದ.

ಸುಕೇತನ ಮುಖ ಬಿಳಿಚಿತು. "ಅವನೇ... ಅವನು ಬೇದಮ್ಮನ ಮಗನೇ?"

"ಅವನ ಹೆಸರೇನು?"

"ಗೊತ್ತಿಲ್ಲ ಗುರುಗಳೇ."

"ಎಷ್ಟೋ ಕಾಲ ಅವನ ಕೈಯ ಜೇನು ಇಸಿದುಕೊಂಡೆ. ಒಮ್ಮೆಯೂ ಕೇಳಲಿಲ್ಲವೇ?"

"ಇಲ್ಲ."

"ಹೆಸರು ಹೇಳದ ತಾಯಿಯನ್ನು ಕಳ್ಳಿಯಂತೆ ಕಂಡೆ. ಹೆಸರು ಕೇಳದೆ ಜೇನು ಇಸಿದುಕೊಂಡವನನ್ನು ಏನೆನ್ನಲಿ?"

ಸುಕೇತ ಉತ್ತರಿಸುವ ಮೊದಲೇ ಅಂಗಳದಲ್ಲಿ ಕುದುರೆಯ ಗೊರಸಿನ ಸದ್ದಾಯಿತು.

ಅರಮನೆಯ ಪಾರುಪತ್ಯಗಾರ ಬಂದಿದ್ದ. ಹಬ್ಬ ಹರಿದಿನಗಳಿಗೆ ಅರಮನೆಗೆ ಬೇಕಾದದ್ದನ್ನು ಒದಗಿಸುವವನು, ದೊಡ್ಡ ಹೊಟ್ಟೆ, ದೊಡ್ಡ ರುಮಾಲು. ಸೀದಾ ಆಸವದ ಕೋಣೆಗೇ ನುಗ್ಗಿದ.

"ದೊರೆಗಳ ವರ್ಧಂತಿ ಹತ್ತಿರ ಬಂತು ಸ್ವಾಮಿಗಳೇ. ಔಷಧ ಸಿದ್ಧವಾಗಿದೆಯೋ?"

"ವರ್ಧಂತಿಯ ದಿನ ಅಷ್ಟೊಂದು ಜನಕ್ಕೆ ಕಾಯಿಲೆಯೇ?" ಎಂದರು ಗುರುಗಳು.

ಪಾರುಪತ್ಯಗಾರ ಹೊಟ್ಟೆ ಕುಲುಕಿಸಿ ನಕ್ಕ. "ತಮಾಷೆ, ತಮಾಷೆ. ಎಲ್ಲಿ, ಒಂದು ಬಟ್ಟಲು ಕೊಡಪ್ಪಾ. ನನಗೂ ಎರಡು ದಿನದಿಂದ ಅಜೀರ್ಣ."

ಸುಕೇತ ಕೈಮುಗಿದ. ಬಟ್ಟಲು ತುಂಬಿ ಕೊಟ್ಟ. ಪಾರುಪತ್ಯಗಾರ ಗಟಗಟ ಕುಡಿದ. ಇನ್ನೊಂದು ಕೇಳಿದ. ಸುಕೇತ ಕೊಟ್ಟ. ಮತ್ತೊಂದಕ್ಕೆ ಬಾಯಿ ಬಿಟ್ಟು ಕೇಳಲೂ ಇಲ್ಲ, ಬಟ್ಟಲು ಚಾಚಿದ. ಸುಕೇತ ಬಗ್ಗಿ ತುಂಬಿದ.

ಕಣ್ಣು ಕೆಂಪಾದ ಪಾರುಪತ್ಯಗಾರ ಹೊರಗೆ ಬಂದು ಹೊಂಗೆ ಮರದ ಕಡೆ ನೋಡಿದ. "ಯಾವುದು ಈ ಗುಡ್ಡದ ಮುದುಕಿ? ಏಯ್, ಏಳೇ! ಕುಡಿದು ಬಿದ್ದಿದ್ದಾಳೇನೋ. ಈ ಜಾತಿಯೇ ಹೀಗೆ. ಎಷ್ಟು ಕಟ್ಟಳೆ ಹಾಕಿದರೂ ಬುದ್ಧಿ ಬರುವುದಿಲ್ಲ."

ಬೇದಮ್ಮ ಸೆರಗಿನ ಮಣ್ಣನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಸುಕೇತ ನೆಲ ನೋಡುತ್ತ ನಿಂತಿದ್ದ.

"ನಾಳೆ ಗಾಡಿ ತರುತ್ತೇನೆ" ಎಂದು ಪಾರುಪತ್ಯಗಾರ ಕಷ್ಟಪಟ್ಟು ಕುದುರೆ ಹತ್ತಿ ಹೋದ.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಈ ಗಾದೆಯನ್ನು ಮಾಡಿದವನು ಇಂಥ ಪಾರುಪತ್ಯಗಾರನನ್ನು ಎಲ್ಲೋ ನೋಡಿಯೇ ಇರಬೇಕು.

"ಸುಕೇತ" ಎಂದರು ಗುರುಗಳು, "ಬೆಳಿಗ್ಗೆ ಬಂದ ಕೋಪ ಈಗ ಎಲ್ಲಿ ಹೋಗಿತ್ತು?"

"ಅವರು ಅರಮನೆಯವರು ಗುರುಗಳೇ."

"ಅಂದರೆ ನಿನ್ನ ಕೋಪಕ್ಕೆ ಚೆನ್ನಾಗಿ ಕಣ್ಣು ಕಾಣುತ್ತದೆ. ತಿರುಗಿ ಹೊಡೆಯುವವರು ಯಾರು, ಹೊಡೆಯದವರು ಯಾರು ಎಂದು ನೋಡಿಕೊಂಡು ಬರುತ್ತದೆ."

ಸುಕೇತನಿಗೆ ಅಳು ಬಂತು. ಗುರುಗಳು ಸಮಾಧಾನ ಹೇಳಲಿಲ್ಲ.

"ಗುಡಾಣದಲ್ಲಿ ಇರುವುದಷ್ಟನ್ನೂ ಎರಡು ಕೊಡಕ್ಕೆ ಹುಯ್ಯಿ. ಅಡ್ಡೆ ಕಟ್ಟಿ ಹೆಗಲಿಗೆ ಏರಿಸು."

"ಎಲ್ಲಿಗೆ?"

"ಗುಡ್ಡಕ್ಕೆ. ಅವನ ಕೈಯಿಂದ ಇಳಿದ ಜೇನು ಈಗ ಭೂಮಿಯ ಮೇಲೆ ಎಲ್ಲಾದರೂ ಉಳಿದಿದ್ದರೆ ಇಲ್ಲಿ ಮಾತ್ರ."

"ನಾಳೆ ಗಾಡಿ ಬರುತ್ತದೆ ಗುರುಗಳೇ."

"ಬರಲಿ."

"ಆಶ್ರಮಕ್ಕೆ ಭತ್ತ ಬರುವುದು ಅರಮನೆಯಿಂದ."

"ನನಗೆ ಗೊತ್ತಿಲ್ಲವೇ? ಆ ಅನ್ನ ತಿಂದುಕೊಂಡೇ ಕಟ್ಟಳೆ ಬಂದ ದಿನ ನಾನು ಬಾಯಿ ಮುಚ್ಚಿಕೊಂಡು ಕೂತೆ. ಈಗ ಕುದಿಯುತ್ತಿರುವ ಕೋಪದಲ್ಲಿ ಅರ್ಧ ನನ್ನ ಮೇಲೆ. ಎತ್ತು."

ಗುಡ್ಡದ ದಾರಿ ಕಡಿದು. ಸುಕೇತ ಹಿಂದೆಂದೂ ಆ ದಾರಿ ಹತ್ತಿದವನಲ್ಲ. ಹೆಗಲು ಕಿತ್ತುಬರುತ್ತಿತ್ತು. ಬೇದಮ್ಮ ಸೆರಗಿನ ಗಂಟು ಹಿಡಿದು ಮುಂದೆ ನಡೆಯುತ್ತಿದ್ದಳು. ಹೊಳೆಯಾಚೆಯ ಹಾಡಿಯವರಿಗೆ ಗುರುಗಳು ಹೇಳಿಕಳಿಸಿದ್ದರು. ಅವರೂ ಇನ್ನೊಂದು ದಾರಿಯಿಂದ ಬೇದಮ್ಮನ ಹಾಡಿಗೆ ಹತ್ತಿ ಬಂದರು.

ಬೇದಮ್ಮ ನಡೆದದ್ದನ್ನು ಎಲ್ಲರ ಮುಂದೆ ಹೇಳಿದಳು. ಯಾವುದನ್ನೂ ಮುಚ್ಚಿಡಲಿಲ್ಲ. ಜನ ಸುಕೇತನನ್ನು ನೋಡಿದರು. ಆ ನೋಟವನ್ನು ಸಹಿಸುವುದಕ್ಕಿಂತ ಏಟು ತಿನ್ನುವುದು ಸುಲಭವಿತ್ತು.

ಹಾಡಿಯ ಹಿರಿಯ ಕೊಡಗಳ ಸುತ್ತ ಒಂದು ಸುತ್ತು ಬಂದ. ತಲೆ ಅಲ್ಲಾಡಿಸಿದ.

"ಆಗಲ್ಲ ಬುದ್ಧಿ. ಅವನದೇ ಜೇನು, ನಿಜ. ಆದ್ರೆ ಇದು ಕೊನೇದಲ್ಲ. ಕೊನೇದೇ ಆಗ್ಬೇಕು."

ಗುರುಗಳು ಒಂದು ಬದಿಗೆ ಹೋಗಿ ನಿಂತರು. ಅಲ್ಲಿ ಹೇಳುವ ಹಕ್ಕು ತಮ್ಮದಲ್ಲ ಎಂದು ಅವರಿಗೆ ಗೊತ್ತಿತ್ತು.

ಸುಕೇತ ಹಿರಿಯನ ಕಾಲು ಹಿಡಿಯಲು ಬಗ್ಗಿದ. ಹಿರಿಯ ಹಿಂದೆ ಸರಿದ. "ಕಾಲು ಹಿಡುದ್ರೆ ಜೇನು ಬಂದದಾ ಸ್ವಾಮಿ?"

ಆಗ ಬೇದಮ್ಮ ಎದ್ದಳು. ಸೆರಗಿನ ಗಂಟು ಬಿಚ್ಚಿದಳು. ಬೆಳಿಗ್ಗೆ ಬಾಚಿಕೊಂಡಿದ್ದ ಹಸಿಮಣ್ಣನ್ನು ಎರಡು ಪಾಲು ಮಾಡಿ, ಎರಡೂ ಕೊಡಕ್ಕೆ ಹಾಕಿ, ಕೈಯಿಂದಲೇ ಕಲಕಿದಳು.

"ಕೊನೇದು ಈಗ ಸೇರ್ತು" ಎಂದಳು. "ಇನ್ನೇನಾರ ಅದಾ ಯೋಳು?"

ಹಿರಿಯ ಕೊಡದೊಳಕ್ಕೆ ಬಗ್ಗಿ ನೋಡಿದ. "ಇಲ್ಲ ಕನವ್ವ" ಎಂದ.

"ಚೆಲ್ದೋನು ಮೊದಲು ಕುಡೀಲಿ" ಎಂದಳು ಬೇದಮ್ಮ.

ಸುಕೇತ ಹುಟ್ಟಿದಾಗಿನಿಂದ ಒಂದು ತೊಟ್ಟು ಮುಟ್ಟಿದವನಲ್ಲ. ಆಸವದ ರುಚಿಯನ್ನೂ ಮೂಗಿನಿಂದಲೇ ನೋಡುತ್ತಿದ್ದವನು. ಅದು ಅವನ ವ್ರತ, ಅಕ್ಕನ ಮುರಿದ ಕೈಯ ಮೇಲೆ ಇಟ್ಟ ಆಣೆ. ಗುರುಗಳ ಕಡೆ ನೋಡಿದ. ಗುರುಗಳು ಬೇರೆ ಕಡೆ ನೋಡುತ್ತಿದ್ದರು.

ಸುಕೇತ ಕರಟ ತೆಗೆದುಕೊಂಡ. ಬಗ್ಗಡದ ಹಾಗಿತ್ತು. ಕಣ್ಣು ಮುಚ್ಚಲಿಲ್ಲ. ಕುಡಿದ. ಮಣ್ಣು ಹಲ್ಲಿಗೆ ಸಿಕ್ಕಿತು, ಉಗುಳಲಿಲ್ಲ.

ಆಮೇಲೆ ಗುರುಗಳು ಕುಡಿದರು. ಎರಡೂ ಹಾಡಿಯವರು ಕುಡಿದರು. ಎಲ್ಲರಿಗೂ ಸಿಕ್ಕಿದ್ದು ಒಂದೊಂದೇ ಕರಟ. ಬೇದಮ್ಮ ಕೊನೆಯಲ್ಲಿ ಕುಡಿದಳು. ಬಾಯಿ ಒರೆಸಿಕೊಂಡು ಬಂಡೆಯ ಕಡೆ ತಿರುಗಿದಳು.

"ಕ್ಯಾತಾ!" ಎಂದು ಕೂಗಿದಳು. "ಲೋ ಕ್ಯಾತಾ! ನನ್ ಮಗನೇ!"

ತಡೆದಿಟ್ಟಿದ್ದ ಅಳುವೆಲ್ಲ ಆಗ ಹೊರಗೆ ಬಂತು. ಹೆಂಗಸರು ಅವಳನ್ನು ಹಿಡಿದುಕೊಂಡರು. ಹಾಡಿಯೆಲ್ಲ ಕೂಗಿತು. ಕ್ಯಾತಾ, ಕ್ಯಾತಾ.

ಆಮೇಲೆ ಮಾತು ಶುರುವಾಯಿತು. ಕ್ಯಾತ ನನ್ನ ಕೋಳಿ ಕದ್ದಿದ್ದ ಎಂದ ಒಬ್ಬ. ಕ್ಯಾತ ಸಾಲಾಗಿ ಸುಳ್ಳು ಹೇಳುತ್ತಿದ್ದ ಎಂದಳು ಒಬ್ಬಳು, ಹೇಳಿ ನಕ್ಕಳು, ನಕ್ಕು ಅತ್ತಳು. 'ಕ್ಯಾತ ನನ್ನ ಹಗ್ಗ ಹಿಡಿದಿದ್ದಾಗ ನನಗೆ ಭಯವೇ ಆಗುತ್ತಿರಲಿಲ್ಲ' ಎಂದ ಇನ್ನೊಬ್ಬ. ಗೊತ್ತಿದ್ದವರೆಲ್ಲ ಒಂದೊಂದು ಮಾತು ಹೇಳಬೇಕು. ಅದೇ ಅಲ್ಲಿನ ಪದ್ಧತಿ.

ಸರದಿ ಸುಕೇತನಿಗೆ ಬಂತು.

"ಕ್ಯಾತ ಒಂದು ಸಲ ನಮ್ಮ ಗುಡಾಣಕ್ಕೆ ಕಿವಿ ಇಟ್ಟು ಕೇಳುತ್ತೇನೆ ಎಂದಿದ್ದ" ಎಂದ ಸುಕೇತ. "ನಾನು ಬಿಡಲಿಲ್ಲ."

ಬೇದಮ್ಮ ಅವನನ್ನೇ ದಿಟ್ಟಿಸಿದಳು.

"ಬುಟ್ಟಿದ್ರೆ ನಿನ್ ಗಂಟೇನ್ ಹೋಗ್ತಿತ್ತು?"

ಅವಳು ಕ್ಷಮಿಸಲಿಲ್ಲ. ಕ್ಷಮಿಸಿದಳು ಎಂದು ಹೇಳುವವರೂ ಇದ್ದಾರೆ. ಯಾಕೆ ಕ್ಷಮಿಸಬೇಕು? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ಮರುದಿನ ಗುರು ಶಿಷ್ಯರು ಆಶ್ರಮಕ್ಕೆ ಇಳಿಯುವ ಹೊತ್ತಿಗೆ ಅರಮನೆಯ ಗಾಡಿ ಬಂದು ನಿಂತಿತ್ತು. ಪಾರುಪತ್ಯಗಾರ ಖಾಲಿ ಗುಡಾಣದ ಮುಂದೆ ನಿಂತು ಹಾರಾಡುತ್ತಿದ್ದ.

"ಎಲ್ಲಿ? ದೊರೆಗಳ ಆಸವ ಎಲ್ಲಿ?"

ಗುರುಗಳು ಬಾಯಿ ತೆರೆಯುವ ಮೊದಲೇ ಸುಕೇತ ಮುಂದೆ ಬಂದ. ಕೈ ಮುಗಿಯಲಿಲ್ಲ.

"ನಾನು ಗುಡ್ಡಕ್ಕೆ ಹೊತ್ತುಕೊಂಡು ಹೋದೆ. ಅದು ಕ್ಯಾತನ ಜೇನು. ಅವನ ತಾಯಿಯೂ ಬಳಗದವರೂ ಕುಡಿದರು. ನಾನೂ ಕುಡಿದೆ."

"ಕ್ಯಾತನೇ? ಯಾವ ಕ್ಯಾತ?"

"ನೀವು ನಿನ್ನೆ ಮೂರು ಬಟ್ಟಲು ಕುಡಿದಿರಲ್ಲ, ಅದಕ್ಕೆ ಬಂಡೆ ಹತ್ತಿದವನು. ನೀವು ಏಳೇ ಎಂದು ಗದರಿದಿರಲ್ಲ, ಅವಳ ಮಗ."

ಪಾರುಪತ್ಯಗಾರನ ಮುಖ ಕೆಂಪಾಯಿತು. "ನಿನ್ನ ಚರ್ಮ ಸುಲಿಸುತ್ತೇನೆ! ಈ ಆಶ್ರಮಕ್ಕೆ ಇನ್ನು ಒಂದು ಕಾಳು ಭತ್ತ ಬರುವುದಿಲ್ಲ!"

ಸುಕೇತ ಜಾಗ ಬಿಟ್ಟು ಕದಲಲಿಲ್ಲ. ಗುರುಗಳು ಬಂದು ಅವನ ಪಕ್ಕದಲ್ಲಿ ನಿಂತರು.

ಪಾರುಪತ್ಯಗಾರ ಅವರ ಕಡೆ ತಿರುಗಿದ. "ಸ್ವಾಮಿಗಳೇ, ದೊರೆಗಳ ಪಾಲನ್ನು ಗುಡ್ಡದವರಿಗೆ ಕುಡಿಸಿದಿರಿ. ನಾನು ಹೋಗಿ ದೊರೆಗಳಿಗೆ ಏನು ಹೇಳಲಿ?"

ಗುರುಗಳು ಹೇಳಿದರು:

"ಗುಡ್ಡದವರ ಪಾಲನ್ನು ಇಷ್ಟು ವರ್ಷ ನೀವು ಕುಡಿದಿರಿ, ಅವರು ನಿಮ್ಮ ಒಂದು ಮಡಕೆಯನ್ನೂ ಒಡೆಯಲಿಲ್ಲ ಎಂದು ಹೇಳು."